ಟಿಕೀಟಿಲ್ಲದ ಪೈಲಟ್ಟು

ನಮ್ಮ ಭಾವನಷ್ಟು ಪುಕ್ಕಲು ಮನುಷ್ಯ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ದೀಪ ಹಚ್ಚಿ ಹುಡುಕಿದರೂ ಸಿಗುತ್ತಿರಲಿಲ್ಲ. ಹಲ್ಲಿ ಲೊಚಗುಟ್ಟಿದರೆ ಹೊಸ್ತಿಲಾಚೆ ಇಟ್ಟ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವವರು. ಬಸ್ಸು ಕಾವೇರಿ ಸೇತುವೆ ಹತ್ತಿತೆಂದರೆ ಕಣ್ಣು ಮುಚ್ಚಿ, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, "ದಾಟ್ತಾ? ದಾಟ್ತಾ?" ಎಂದು ಪಕ್ಕದವರ ಪ್ರಾಣ ತಿನ್ನುವವರು. ಇಂಜೆಕ್ಷನ್ನಿಗಿಂತ ಜ್ವರವೇ ವಾಸಿ ಎನ್ನುವವರು. ಇನ್ನು ಟಗರು! ಕಿರಂಗೂರಿನ ಬೀದಿಯಲ್ಲಿ ಟಗರೊಂದು ಎದುರಾದರೆ ಭಾವ ಯಾರ ಮನೆಯ ಜಗಲಿ ಸಿಕ್ಕಿದರೂ ಸರಿ, ಹತ್ತಿ ನಿಂತು, "ಏನವ್ವಾ, ಎಲ್ಲಾ ಚೆನ್ನಾಗಿದ್ದೀರಾ?" ಎಂದು ಒಳಗಿದ್ದವರನ್ನು ಮಾತಿಗೆಳೆಯುತ್ತಿದ್ದರು. ಟಗರು ತಿರುವು ದಾಟಿದ ಕೂಡಲೇ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನಮ್ಮ ಊರಿನ ಎಷ್ಟೋ ಮನೆಗಳ ಕ್ಷೇಮಸಮಾಚಾರ ಭಾವನಿಗೆ ತಿಳಿದದ್ದೇ ಟಗರುಗಳ ದಯೆಯಿಂದ.

ಇಂಥ ಭಾವ ವಿಮಾನ ಹಾರಿಸುತ್ತಿದ್ದರು!

ನಗಬೇಡಿ. ನಮಗೆ ನಗು ಬರುತ್ತಿರಲಿಲ್ಲ. ಹುಡುಗರಾಗಿದ್ದಾಗ ಓದಲೆಂದು ಬೆಂಗಳೂರಿಗೆ ಹೋದವರು ಕಾಲೇಜಿನ ಜೊತೆಗೆ ಅಲ್ಲಿ ವಿಮಾನ ಹಾರಿಸುವುದನ್ನೂ ಕಲಿತು ಲೈಸೆನ್ಸು ಪಡೆದುಕೊಂಡಿದ್ದರು. ಊರಲ್ಲಿದ್ದ ಅವರ ತಂದೆ ಮಗ ಲಾರಿ ಕಲಿತಿದ್ದಾನೆಂದೇ ತಿಳಿದು, ಆ ತಿಳಿವಳಿಕೆಯಲ್ಲೇ ಸುಖವಾಗಿ ತೀರಿಕೊಂಡರು. ಆ ಲೈಸೆನ್ಸಿನ ಮಹಿಮೆ ಏನೆಂದರೆ, ಅದು ಸ್ವಂತದ ಲೈಸೆನ್ಸು. ತಾನು ಹಾರಬಹುದು, ಬೇಕಾದವರನ್ನು ಹಿಂದೆ ಕೂರಿಸಿಕೊಳ್ಳಬಹುದು, ಆದರೆ ಯಾರಿಂದಲೂ ನಯಾಪೈಸೆ ತೆಗೆದುಕೊಳ್ಳುವಂತಿಲ್ಲ. ಊರಿಗೆ ಬಂದು ಅಕ್ಕಿ ಗಿರಣಿ ನೋಡಿಕೊಂಡು, ಮದುವೆಯಾಗಿ, ಕಿವಿಯ ಮೇಲೆ ಕೂದಲು ಬೆಳ್ಳಗಾಗುವ ಹೊತ್ತಿಗೆ ಭಾವನಿಗೆ ಮತ್ತೆ ರೆಕ್ಕೆ ಮೂಡಿತು. ಮೈಸೂರಿನ ಗೆಳೆಯರೊಬ್ಬರ ಜೊತೆ ಸೇರಿ ಎಲ್ಲಿಂದಲೋ ಒಂದು ಹಳೆಯ ಪುಟ್ಟ ವಿಮಾನ ಕೊಂಡು ತಂದರು. ಒಂದರ ಹಿಂದೆ ಒಂದು ಎರಡೇ ಸೀಟು, ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಫ್ಯಾನು. ನನ್ನ ಕಣ್ಣಿಗಂತೂ ಅದು ಪಂಚೆ ಉಟ್ಟ ಮೋಟಾರ್ ಸೈಕಲ್ಲು. ಮೈಸೂರಿನ ಹೊರಗೆ, ಆಡು ಮೇಯುವ ಹಳೆಯ ಮೈದಾನವೊಂದರ ಶೆಡ್ಡಿನಲ್ಲಿ ಅದರ ವಾಸ. ಭಾನುವಾರ ಬೆಳಿಗ್ಗೆ ಅದನ್ನು ಎಬ್ಬಿಸಿಕೊಂಡು ಶ್ರೀರಂಗಪಟ್ಟಣ, ಕಿರಂಗೂರು, ಪಾಂಡವಪುರದ ಬೆಟ್ಟ, ಕಬ್ಬಿನ ಗದ್ದೆ ಎಲ್ಲ ಸುತ್ತಿ ಬರುವುದು ಭಾವನ ಆನಂದ.

"ಅಲ್ಲಾ ಭಾವ, ಮೇಲೆ ಭಯ ಆಗುವುದಿಲ್ಲವೇ?" ಎಂದು ಕೇಳಿದೆ.

"ಮ್ಯಾಲೆ ಎದುರ್ಕಳಕ್ಕೆ ಏನ್ಲಾ ಅದೆ? ಟಗರದಾ?" ಎಂದರು.

ಒಂದು ಮನೆಗೆ ಇಷ್ಟು ಭಯ ಎಂದು ಬರೆದಿರುತ್ತದೋ ಏನೋ. ಒಬ್ಬರು ತಮ್ಮ ಪಾಲು ಬಿಟ್ಟುಕೊಟ್ಟರೆ ಇನ್ನೊಬ್ಬರು ಹೊರಬೇಕು. ಭಾವ ಬಿಟ್ಟುಕೊಟ್ಟದ್ದನ್ನು ನಮ್ಮಕ್ಕ ಹೊತ್ತಳು. ಅವರಿಗೆ ಮಕ್ಕಳಿರಲಿಲ್ಲ. ಆ ದೊಡ್ಡ ಮನೆಯಲ್ಲಿ ಭಾವ, ಅಕ್ಕ, ಭಾವನ ತಾಯಿ, ಇಷ್ಟೇ ಜನ. ಭಾನುವಾರ ಭಾವ ಮೈಸೂರಿಗೆ ಹೊರಟ ಕೂಡಲೇ ಅಕ್ಕ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ ದೇವರ ಮುಂದೆ ಮುಡಿಪು ಇಡುತ್ತಿದ್ದಳು. ಭಾವ ಇಳಿದು, ಮೈಸೂರಿನಿಂದ ಫೋನು ಬಂದ ಮೇಲೆಯೇ ಆ ಗಂಟು ದೇವರ ಹುಂಡಿಗೆ. ಅಲ್ಲಿಯವರೆಗೆ ಅವಳ ಹೊಟ್ಟೆಗೆ ಒಂದು ಅಗುಳೂ ಇಲ್ಲ. ವಿಮಾನ ಆ ಮನೆಯ ಮೇಲೆ ಗುರ್ರೆಂದು ಬಂದಾಗ ಬೀದಿಯವರೆಲ್ಲ ಹೊರಗೆ ಬಂದು ಕತ್ತು ಎತ್ತಿದರೆ ಅಕ್ಕ ಒಳಗೆ ಹೋಗಿ ಒರಳುಕಲ್ಲಿನ ಮುಂದೆ ಕೂರುತ್ತಿದ್ದಳು. ಸದ್ದು ಕೇಳಿದರೂ ಭಯ. ಸದ್ದು ನಿಂತರೆ ಇನ್ನೂ ಭಯ. ಅವಳ ಭಾನುವಾರದ ಚಟ್ನಿಯಷ್ಟು ನುಣ್ಣಗಿನ ಚಟ್ನಿ ನಾನು ಬೇರೆಲ್ಲೂ ತಿಂದಿಲ್ಲ.

ನಾನು ಪಾಂಡವಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಭಾನುವಾರ ಬಂತೆಂದರೆ ಅಕ್ಕನಿಗೆ ಧೈರ್ಯ ಹೇಳಲು ಕಿರಂಗೂರಿಗೆ ಬರುತ್ತಿದ್ದೆ. ಧೈರ್ಯ ನನ್ನಲ್ಲಿತ್ತೇ ಎಂದು ಕೇಳಬೇಡಿ. ನನ್ನ ಶೌರ್ಯವೆಲ್ಲ ಒಂದೇ ಒಂದು ಅಕ್ಷರದ ಮೇಲೆ. ನಮ್ಮ ಸೀಮೆಯಲ್ಲಿ 'ಹ' ಎಂಬ ಅಕ್ಷರಕ್ಕೆ ಪ್ರವೇಶವಿಲ್ಲವಲ್ಲ! ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹೆಂಡತಿ ಎಂಡ್ತಿಯಾಗುತ್ತಾಳೆ. "ಎದೆಯಿಂದ ಉಸಿರು ತಂದು ಹ ಅನ್ರೋ!" ಎಂದು ವರ್ಷಗಟ್ಟಲೆ ಕೂಗಿ ನನ್ನ ಎದೆಯೇ ಒಣಗಿತ್ತು. ಮಕ್ಕಳು ಮಾತ್ರ ಸಂತೋಷದಿಂದ "ಆಯ್ತು ಸಾ, ಏಳ್ತೀವಿ ಸಾ" ಎನ್ನುತ್ತಿದ್ದರು.

ಅಕ್ಕನ ಮಾತಿನಂತೆ, ಅವಳ ಭಯಕ್ಕೆ ಮದ್ದು ಎಂದು ಜೀವವಿಮೆಯ ಏಜೆಂಟರನ್ನು ಕರೆತಂದವನು ನಾನೇ. ಕೆ.ಆರ್. ಪೇಟೆ ಕಡೆಯವರು, ನಮಗೆ ದೂರದ ನೆಂಟರು. ತಿಥಿಯೂಟಕ್ಕೆ ಹೋದರೂ ಉಳಿದವರಿಗೊಂದು ಪಾಲಿಸಿ ಮಾಡಿಸಿಯೇ ಎಲೆ ಮಡಿಸುವವರು. ಭಾವನನ್ನು ಎದುರಿಗೆ ಕೂರಿಸಿಕೊಂಡು, ಕೋಡುಬಳೆ ಕಡಿಯುತ್ತಾ ಪ್ರಶ್ನೆ ಶುರು ಮಾಡಿದರು.

"ಬೀಡಿ, ಸಿಗರೇಟು?"

"ಕೆಮ್ಮು ಬಂದ್ರೆ ಅಂತ ಭಯ."

"ಎಂಡ ಸಾರಾಯಿ?"

"ಮಜ್ಜಿಗೆ."

"ಈಜು ಗೀಜು?"

"ನೀರಂದ್ರೆ ಆಗಕ್ಕಿಲ್ಲ."

ಏಜೆಂಟರ ಮುಖ ಹುಣ್ಣಿಮೆಯಾಯಿತು. "ಗೌಡ್ರೇ, ನಿಮ್ಮಂತೋರು ಸಾಯದೇ ಇಲ್ಲ! ಕಂಪನಿಯೋರು ಇಂತೋರ್ನೇ ಉಡುಕ್ತಾವ್ರೆ!" ಎಂದು ಉತ್ಸಾಹದಲ್ಲಿ ಮುಂದಿನ ಪ್ರಶ್ನೆಗೆ ಹೋದರು. "ಕಾಸು ಕೊಟ್ಟು ಪ್ರಯಾಣ ಮಾಡದು ಬುಟ್ಟು ಬ್ಯಾರೆ ತರ ಇಮಾನ ಅತ್ತುತೀರಾ? ಇದೊಂದು ಕೇಳ್ಬೇಕು ಅಂತ ಅದೆ, ಅದುಕ್ಕೆ ಕೇಳ್ತಾವ್ನಿ. ಇಲ್ಲ ಅಂತ ಬರ್ಕಳ್ಳಾ?"

"ಊಂ, ಅತ್ತುತೀನಲ್ಲ. ಭಾನುವಾರ ಭಾನುವಾರ," ಎಂದರು ಭಾವ.

ಕೋಡುಬಳೆ ಏಜೆಂಟರ ಗಂಟಲಲ್ಲೇ ನಿಂತಿತು. ನೀರು ಕುಡಿಸಿ, ಬೆನ್ನು ತಟ್ಟಿ, ಹೊರಗೆ ಕರೆದುಕೊಂಡು ಹೋಗಿ ಆಕಾಶ ತೋರಿಸಿ ವಿವರಿಸಿದ ಮೇಲೆ ಅವರು ಸಾವಧಾನವಾಗಿ ಹೇಳಿದ್ದು ಇಷ್ಟು: "ನೋಡಿ ಗೌಡ್ರೇ. ಆವು ಕಚ್ಚಿ ಸತ್ರೆ ದುಡ್ಡು ಕೊಡ್ತಾರೆ. ಟಗರು ಗುದ್ದಿ ಸತ್ರೆ ಕೊಡ್ತಾರೆ. ಟಿಕೀಟು ತಗಂಡು ಇಮಾನದಲ್ಲಿ ಓಗ್ತಾ ಸತ್ರೂ ಕೊಡ್ತಾರೆ. ನೀವೇ ಓಡುಸ್ಕಂಡು ಓಗಿ ಸತ್ರೆ ಮಾತ್ರ ಕಟ್ಟಿದ್ದನ್ನ ವಾಪಸ್ ಕೊಟ್ಟು ಕೈ ಮುಗೀತಾರೆ."

ಟಗರಿನ ಹೆಸರು ಕೇಳಿ ಭಾವ ಒಮ್ಮೆ ಬೆದರಿದರು. ಉಳಿದ ಯಾವುದಕ್ಕೂ ಬೆದರಲಿಲ್ಲ.

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕನ ಅತ್ತೆ ತಲೆ ಎತ್ತಿದರು. ನನಗೂ ಅವರು ಅತ್ತೆಯೇ. "ಟಿಕೀಟು ತಗಂಡಿದ್ರೆ ಕೊಡ್ತಾರಾ?"

"ಊಂ ಕಣವ್ವ."

"ಅಂಗಾರೆ ಇದುಕ್ಯಾಕೆ ಇಷ್ಟ್ ಮಾತು? ಲೇ ಮಗ, ನೀನೂ ಒಂದ್ ಟಿಕೀಟ್ ತಗಂಡು ಓಡ್ಸು!"

ಯಾರಿಗೆ ಹೇಳುತ್ತೀರಿ? ಭಾವ ತಾಳ್ಮೆಯಿಂದ ತಮ್ಮ ಲೈಸೆನ್ಸಿನ ನಿಯಮ ಬಿಡಿಸಿ ಹೇಳಿದರು. ಇದು ಬಾಡಿಗೆ ಓಡಿಸುವ ಲೈಸೆನ್ಸಲ್ಲ, ಟಿಕೀಟು ಮಾರಿದರೆ ಕಿತ್ತುಕೊಳ್ಳುತ್ತಾರೆ ಎಂದರು. ಅತ್ತೆ ಅವರೆಕಾಳನ್ನು ಮೊರಕ್ಕೆ ಎಸೆದು, "ತನ್ ಬಸ್ಸಲ್ಲಿ ತಾನೇ ಟಿಕೀಟ್ ತಗಳಕ್ಕಾಗ್ದಿರೋ ಬಸ್ಸು ಅದ್ಯಾವ ಸೀಮೆ ಬಸ್ಸು!" ಎಂದು ತೀರ್ಪು ಕೊಟ್ಟರು. ನಾನು ಸುಮ್ಮನಿರಬೇಕಿತ್ತು. ಮೇಷ್ಟ್ರ ನಾಲಿಗೆ, ಇರಲಿಲ್ಲ. "ಪದ ಬಿಡಿಸಿದರೆ ಎಲ್ಲ ಗೊತ್ತಾಗುತ್ತದೆ. ವಿಮಾನ ಎಂದರೆ ವಿಮಾ, ನ. ಸಂಸ್ಕೃತದಲ್ಲಿ ನ ಎಂದರೆ ಇಲ್ಲ. ವಿಮೆ ಇಲ್ಲ ಅಂತ ಹೆಸರಲ್ಲೇ ಇದೆ!" ಎಂದು ನಾನೇ ನಕ್ಕೆ. ಬೇರೆ ಯಾರೂ ನಗಲಿಲ್ಲ. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ನನ್ನ ನಗು ಅರ್ಧಕ್ಕೇ ಆರಿತು.

ಹಾವಿಗೆ, ಟಗರಿಗೆ ಆದರೂ ಒಂದು ಪಾಲಿಸಿ ಇರಲಿ ಎಂದು ಏಜೆಂಟರು ಬಿಡದೆ ಮುಂದುವರಿದರು. "ನಾಮಿನಿ ಯಾರು? ಅಕ್ಕಾವ್ರ ಎಸರು ಬರ್ಕಳ್ಳಾ?"

"ನಾಮಿನಿ ಅಂದ್ರೆ?" ಎಂದಳು ಅಕ್ಕ.

"ಅದೇ... ಗೌಡ್ರುಗೆ ಏನಾರ ಎಚ್ಚುಕಮ್ಮಿ ಆದ್ರೆ ದುಡ್ಡು ಇಸ್ಕಳೋರು."

"ಎಚ್ಚುಕಮ್ಮಿ ಅಂದ್ರೆ?"

ಸಂತೆಯಲ್ಲಿ ನಿಂತು ಗಂಟೆಗಟ್ಟಲೆ ಸಾವಿನ ಮೇಲೆ ಭಾಷಣ ಮಾಡುವ ಏಜೆಂಟರು ಅಕ್ಕನ ಮುಖ ನೋಡಿ ತಡವರಿಸಿದರು. ಅತ್ತೆ, "ನಾಮಿನಿ ಅಂದ್ರೆ ನಾಮ ಆಕುಸ್ಕಳೋಳು ಕಣವ್ವಾ, ಒಪ್ಕಬ್ಯಾಡ!" ಎಂದರು. ಅಕ್ಕ ಎದ್ದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಒರಳುಕಲ್ಲಿನ ಪಕ್ಕ ಸುಮ್ಮನೆ ನಿಂತಿದ್ದಳು.

"ಇವ್ರು ಓದ್ಮೇಲೆ ನಂಗ್ಯಾಕ್ಲಾ ದುಡ್ಡು?" ಎಂದಳು.

ಹೋದ ಮೇಲೆ ಎನ್ನಬೇಕಾದದ್ದು ಓದ ಮೇಲೆ ಆಗಿತ್ತು. ನಾನು ತಿದ್ದಲಿಲ್ಲ. "ಮತ್ತೆ ಏಜೆಂಟರನ್ನು ಕರೆಸು ಎಂದವಳು ನೀನೇ ಅಲ್ಲವೇ?"

"ಇಮೆ ಮಾಡ್ಸುದ್ರೆ ಬೀಳಾಕಿಲ್ಲ ಅಂದ್ಕಂಡಿದ್ದೆ ಕಣ್ಲಾ," ಎಂದಳು.

ಪಾಪ, ಅವಳು ಅದನ್ನೂ ಒಂದು ಮುಡಿಪು ಎಂದೇ ತಿಳಿದಿದ್ದಳು.

ಏಜೆಂಟರು ಸುಮ್ಮನೆ ಹೋಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಸ್ಕೂಟರು ಒದೆಯುತ್ತಾ, "ನೀವು ಬೀಳದು ಅತ್ಲಾಗಿರ್ಲಿ ಗೌಡ್ರೇ, ಯಾರ ಮ್ಯಾಲಾರ ಬಿದ್ರೆ? ಅವ್ರ ಮನೇರು ಕೋರ್ಟಿಗೋದ್ರೆ ಗಿರಣಿ, ಗದ್ದೆ ಯಾವ್ದೂ ಉಳಿಯಕ್ಕಿಲ್ಲ," ಎಂದು ಒಂದು ಬೀಜ ಬಿತ್ತಿ ಹೋದರು. ಅದು ಅಕ್ಕನ ಕಿವಿಯಲ್ಲಿ ಬಿದ್ದು ಮೊಳೆಯಿತು. ಗದ್ದೆ ಹೋಗುವ ಚಿಂತೆ ಅವಳಿಗೆ ಬರಲಿಲ್ಲ. ಆದರೆ ಅಂದಿನಿಂದ ನಾಟಿ ಹಾಕುತ್ತಿರುವ ಹೆಂಗಸರನ್ನು ಕಂಡರೆ ನಿಂತು ಬಿಡುತ್ತಿದ್ದಳು. "ಇವ್ಳ ಮ್ಯಾಲೆ ಬಿದ್ರೆ ಇವ್ಳ ಮಕ್ಳುಗೆ ನಾನ್ ಏನ್ ಏಳ್ಲಿ?" ಎನ್ನುತ್ತಿದ್ದಳು. ಭಾವ ಬೀಳುತ್ತಾರೆಂಬ ಭಯ ಒಂದೇ ಇತ್ತು. ಈಗ ಅವರು ಬೀಳುವ ಜಾಗದ ಭಯವೂ ಸೇರಿತು. ನೆಲ ಎಷ್ಟು ದೊಡ್ಡದು, ಅದರ ಮೇಲೆ ಎಷ್ಟು ಜನ ತಲೆ ತಗ್ಗಿಸಿ ಕೆಲಸ ಮಾಡುತ್ತಿರುತ್ತಾರೆ ಎಂಬುದು ನನಗೂ ಅವಳ ಜೊತೆ ಓಡಾಡಿದಾಗಲೇ ಅರಿವಾದದ್ದು. ನಾನೂ ಗದ್ದೆಗಳನ್ನು ನೋಡಿ ಬೆವರತೊಡಗಿದೆ.

ಹುರುಳಿ ಒಕ್ಕಣೆಯ ಕಾಲ. ಒಂದು ಭಾನುವಾರ ಎಂದಿನ ಹೊತ್ತು ಮೀರಿದರೂ ಮೈಸೂರಿನಿಂದ ಫೋನು ಬರಲಿಲ್ಲ. ಅಕ್ಕ ಕೆಲಸ ಹುಡುಕಿ ಹುಡುಕಿ ಮಾಡುತ್ತಿದ್ದಳು. ಒಲೆಯ ಮೇಲಿದ್ದ ಅವರೆಕಾಳು ಸಾರನ್ನು ಕೆದಕಿದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಕೊನೆಗೂ ಫೋನು ಬಡಿದುಕೊಂಡಿತು. ಅವಳು ಎತ್ತಲಿಲ್ಲ. ನಾನು ಎತ್ತಿದೆ. ಕೊರಕೊರ ಸದ್ದಿನ ನಡುವೆ ಯಾರೋ ಅಪರಿಚಿತ ಗಂಡಸು ಗಂಟಲು ಹರಿಯುವಂತೆ ಕೂಗುತ್ತಿದ್ದ.

"ಅಲೋ! ಕಿರಂಗೂರಾ? ನಿಮ್ ಗೌಡ್ರುದು ಇಮಾನ ಉರುಳಿ... ಬಿದ್ದದೆ! ಸಿಂಧಘಟ್ಟದ ರೋಡು! ಬ್ಯಾಗ ಬನ್ನಿ!"

ಫೋನು ಸತ್ತಿತು.

"ಉರುಳಿ ಬಿದ್ದಿದೆಯಂತೆ, ಸಿಂಧಘಟ್ಟದ ರೋಡಿನಲ್ಲಿ," ಎಂದೆ. ಅಕ್ಕ ದೇವರ ಮುಂದಿನ ಅರಿಶಿನದ ಗಂಟನ್ನು ಎತ್ತಿಕೊಂಡು, ಬರಿಗಾಲಲ್ಲಿ ಬೀದಿಗೆ ಇಳಿದಳು.

ಬಾಡಿಗೆ ಕಾರು ಸಿಕ್ಕಿತು. ಪಾಂಡವಪುರ ದಾಟುವವರೆಗೆ ಅಕ್ಕ ಕೈಯಲ್ಲಿದ್ದ ಗಂಟನ್ನೇ ನೋಡುತ್ತಿದ್ದಳು. ಕಬ್ಬಿನ ಗಾಡಿಗಳು ಅಡ್ಡ ಬಂದಾಗಲೆಲ್ಲ ನಾನು ಡ್ರೈವರನ ಮೇಲೆ ಹಾರಾಡುತ್ತಿದ್ದೆ. ಅವನೂ ಹೆದರಿ ಹಾರನ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ನನ್ನ ತಲೆಯೊಳಗೆ ಬೇಡವೆಂದರೂ ಚಿತ್ರಗಳು. ಬಟ್ಟೆಯ ರೆಕ್ಕೆ. ಅದು ಹರಿದರೆ ಉಳಿಯುವುದೇನು? ಅಕ್ಕ ನಿಧಾನಕ್ಕೆ ನನ್ನ ತೋಳು ಹಿಡಿದುಕೊಂಡಳು.

"ಉಪ್ಪು ನೋಡಕ್ಕೆ ಅಂತ ಒಂದ್ ಅವರೆಕಾಳು ಬಾಯಿಗ್ ಆಕಂಡ್ಬುಟ್ಟಿದ್ದೆ ಕಣ್ಲಾ. ಮರ್ತು ಆಕಂಡೆ. ಒಂದೇ ಕಾಳು. ನುಂಗ್ಲಿಲ್ಲ, ಉಗುದ್ಬುಟ್ಟೆ."

ಅಷ್ಟು ಹೊತ್ತೂ ಅವಳನ್ನು ಕೊರೆಯುತ್ತಿದ್ದದ್ದು ಅದು! ಒಂದು ಅವರೆಕಾಳು ವಿಮಾನ ಬೀಳಿಸುತ್ತದೆಯೇ ಎಂದು ಬೇರೆ ದಿನವಾಗಿದ್ದರೆ ನಕ್ಕು ರೇಗಿಸುತ್ತಿದ್ದೆ. ಅವತ್ತು ನನಗೂ ಆ ಕಾಳಿನ ಮೇಲೆಯೇ ಸಿಟ್ಟು ಬಂತು. ಇನ್ನಷ್ಟು ದೂರ ಹೋದ ಮೇಲೆ ಅವಳು ಕೇಳಿದ್ದು ಒಂದೇ ಮಾತು: "ಯಾರ ಮ್ಯಾಲಾರ ಬಿದ್ದವ್ರಾ ಅಂತ ಕೇಳ್ದಾ?"

ಕೇಳಿರಲಿಲ್ಲ.

ಸಿಂಧಘಟ್ಟಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆ ತುಂಬ ಜನ. ಯಾರೂ ಮಾತಾಡುತ್ತಿರಲಿಲ್ಲ, ಎಲ್ಲರೂ ನಡುವೆ ಏನನ್ನೋ ನೋಡುತ್ತಿದ್ದರು. ಅಂಥ ಗುಂಪನ್ನು ನೀವೂ ಕಂಡಿರುತ್ತೀರಿ, ಹತ್ತಿರ ಹೋಗಲು ಕಾಲು ಬರುವುದಿಲ್ಲ. ಕಾರಿನಿಂದ ಇಳಿದ ನಾನು ಬಾಗಿಲು ಹಿಡಿದೇ ನಿಂತೆ. ಆಗ ಗುಂಪಿನ ನಡುವಿನಿಂದ ಒಂದು ದೀನ ಸ್ವರ ಎದ್ದಿತು.

"ಯಾರಾರ ಆ ಟಗರು ಇಡ್ಕಳ್ರಪ್ಪಾ!"

ವಿಮಾನ ನೆಟ್ಟಗೆ, ಒಂದು ಗೀರೂ ಇಲ್ಲದೆ, ಟಾರು ರಸ್ತೆಯ ಮೇಲೆ ನಿಂತಿತ್ತು. ಅದರ ಸೀಟಿನ ಮೇಲೆ ಕಾಲೂರಿ ನಮ್ಮ ಭಾವ ನಿಂತಿದ್ದರು. ಕೆಳಗೆ ಸುರುಳಿ ಕೊಂಬಿನ ಟಗರೊಂದು, ಈ ಹೊಸ ಪ್ರಾಣಿಯನ್ನು ಗುದ್ದುವುದೋ ಬಿಡುವುದೋ ಎಂದು ಯೋಚಿಸುತ್ತಾ ನಿಂತಿತ್ತು. ಆಕಾಶದಿಂದ ಇಳಿದ ಗಂಡಸಿಗೆ ಸೀಟಿನಿಂದ ಇಳಿಯುವ ಧೈರ್ಯವಿರಲಿಲ್ಲ! ಅಕ್ಕ ಅಲ್ಲೇ ಮೈಲಿಗಲ್ಲಿನ ಮೇಲೆ ಕುಸಿದು ಕೂತು ನಗತೊಡಗಿದಳು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಟಗರು ಹಿಡಿಯಲು ನಾನು ಹೋಗಲಿಲ್ಲ. ಅಷ್ಟು ಧೈರ್ಯ ನಮ್ಮ ಮನೆತನದಲ್ಲಿಯೂ ಇಲ್ಲ.

ಆಗಿದ್ದಿಷ್ಟು. ಪೆಟ್ರೋಲಿನ ಕೊಳವೆಯಲ್ಲಿ ಕಸ ಸಿಕ್ಕಿ ಇಂಜಿನ್ನು ನಿಂತಿತ್ತು. ಭಾವ ಗಾಳಿಯಲ್ಲಿ ತೇಲಿಸಿಕೊಂಡು ಬಂದು ರಸ್ತೆಗೆ ಇಳಿಸಿದ್ದರು. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಕಣಕ್ಕೆ ಯಾರು ಹಾಕುತ್ತಾರೆ? ಟಾರು ರಸ್ತೆಗೇ ಹರಡುತ್ತಾರೆ. ಸರ್ಕಾರದ ಬಸ್ಸುಗಳು ತುಳಿದು ತುಳಿದು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಡುತ್ತವೆ. ಭಾವ ಇಳಿದದ್ದು ಆ ಹಾಸಿಗೆಯ ಮೇಲೆ. ಭಾವನಿಂದ ನಂಬರು ಕೇಳಿಕೊಂಡು ಫೋನು ಮಾಡಿದ ಪುಣ್ಯಾತ್ಮ ಹೇಳಿದ್ದು 'ಹುರುಳಿ'! ವಿಮಾನ ಹುರುಳಿಯ ಮೇಲೆ ಬಿದ್ದಿದೆ ಎಂದು! ನಡುವಿನ 'ಮ್ಯಾಲೆ'ಯನ್ನು ಫೋನಿನ ಕೊರಕೊರ ತಿಂದಿತ್ತು. ಒಂದು ಹಕಾರ ನುಂಗಿ ಅವನು ನನ್ನ ಭಾವನನ್ನು ಕೊಂದೇಬಿಟ್ಟಿದ್ದ. ನಾನು ಅವನನ್ನು ಹುಡುಕಿ ಹಿಡಿದು, "ಹುರುಳಿ ಅನ್ನಯ್ಯಾ, ಹು, ಹು!" ಎಂದು ರಸ್ತೆಯ ಮೇಲೇ ಪಾಠ ಮಾಡಿದೆ. ಆತ ನನಗೆ ಗಾಬರಿಯಿಂದ ಬುದ್ಧಿ ಕೆಟ್ಟಿದೆ ಎಂದು ತಿಳಿದು ನೀರು ತಂದುಕೊಟ್ಟ.

ಅಷ್ಟರಲ್ಲಿ ಹುರುಳಿಯ ಯಜಮಾನ ಪರಿಹಾರ ಕೇಳಲು ಬಂದ. "ಬಸ್ಸು ತುಳುದ್ರೆ ಕಾಳು ಬುಡ್ತದೆ ಸ್ವಾಮಿ, ಅದು ಗೊತ್ತು. ಇಮಾನ ತುಳುದಿರೋ ಉರುಳಿ ಬಿತ್ತುದ್ರೆ ಉಟ್ಟುತದೋ ಇಲ್ವೋ, ಯಾರ್ ಗ್ಯಾರಂಟಿ?" ನಮ್ಮ ಏಜೆಂಟರೂ ಸುದ್ದಿ ಕೇಳಿ ಕೆ.ಆರ್. ಪೇಟೆಯಿಂದ ಬಂದು ಗುಂಪಿನ ಹಿಂದೆ ನಿಂತು, "ಮ್ಯಾಲಿಂದ ಯಾವಾಗ ಏನ್ ಬೀಳ್ತದೆ ಅಂತ ಯಾರು ಕಂಡವ್ರೆ? ಒಂದ್ ಪಾಲಿಸಿ ಇದ್ರೆ ಒಳ್ಳೇದಲ್ವಾ?" ಎಂದು ಆಗಲೇ ವ್ಯಾಪಾರ ಶುರು ಮಾಡಿದ್ದರು. ಟಗರನ್ನು ಕಟ್ಟಿಹಾಕಿದ ಮೇಲೆ ಭಾವ ಇಳಿದು, ಕೊಳವೆ ಊದಿ ಕಸ ತೆಗೆದು, ಸರಿಯಾಯಿತೇ ನೋಡೋಣ ಎಂದು ಇಂಜಿನ್ನು ಚಾಲು ಮಾಡಿದರು. ಬೆನ್ನ ಹಿಂದಿನ ಫ್ಯಾನು ತಿರುಗಿದ್ದೇ ತಡ, ಹುರುಳಿಯ ಹೊಟ್ಟೆಲ್ಲ ಮೋಡವಾಗಿ ಎದ್ದು ಪಕ್ಕದ ಬೀಳು ನೆಲಕ್ಕೆ ಹಾರಿಹೋಯಿತು. ರಸ್ತೆಯ ಮೇಲೆ ಬರೀ ಕಾಳು, ಕೇರಿದಷ್ಟು ಸ್ವಚ್ಛ! ಯಜಮಾನ ಬಾಯಿ ತೆರೆದವನು ಮುಚ್ಚಲಿಲ್ಲ. ಆಮೇಲೆ ಕೈ ಜೋಡಿಸಿದ. "ಆ ಕಡೇದೂ ಅದೆ ಸ್ವಾಮಿ. ಇನ್ನೊಂದ್ ಕಿತ ತಿರುಗ್ಸಿ." ಅವನ ದಾಯಾದಿ ಓಡಿಹೋಗಿ ತನ್ನದನ್ನೂ ಹೊತ್ತು ತಂದ. ಪರಿಹಾರದ ಮಾತು ಹೊಟ್ಟಿನ ಜೊತೆಯಲ್ಲೇ ಹಾರಿಹೋಯಿತು.

ಎಲ್ಲರೂ ನಗುತ್ತಿದ್ದರು. ಭಾವ ನಗಲಿಲ್ಲ. ರೆಕ್ಕೆ ಬಿಚ್ಚಿಸಿ, ಟ್ರಾಕ್ಟರಿನ ಮೇಲೆ ವಿಮಾನವನ್ನು ಮೈಸೂರಿಗೆ ಸಾಗಿಸಿ, ಶೆಡ್ಡಿಗೆ ಬೀಗ ಹಾಕಿ, ಮನೆಗೆ ಬಂದು ಸುಮ್ಮನೆ ಕೂತರು. ಗಿರಣಿಯಲ್ಲಿ ಒಬ್ಬರೇ ಸಿಕ್ಕಿದಾಗ ನನಗೆ ಹೇಳಿದರು:

"ರೋಡ್ ಮ್ಯಾಲೆ ಒಬ್ಳು ಎಣ್ಮಗ್ಳು ಉರುಳಿ ತಿರುವ್ ಆಕ್ತಿದ್ಲು ಕಣ್ಲಾ. ಇಂಜಿನ್ ನಿಂತಿತ್ತಲ್ಲ, ಸದ್ದೇ ಇರ್ನಿಲ್ಲ. ನಾನ್ ಕೂಗ್ದೆ, ಗಾಳೀಲಿ ಕೇಳ್ಸನಿಲ್ಲ. ಕೊನೇಗಳಿಗೇಲಿ ತಲೆ ಎತ್ತುದ್ಲು, ಪಕ್ಕಕ್ಕೆ ಬಿದ್ಲು. ಅಲ್ಲೇ ಒಂಗೆ ಮರದಲ್ಲಿ ಸೀರೆ ಜೋಲಿ ಕಟ್ಟಿದ್ಲು. ಮಗ ಮಲಗಿತ್ತು. ರೆಕ್ಕೆ ಗಾಳಿಗೆ ಜೋಲಿ ತೂಗ್ತು ಕಣ್ಲಾ. ಇನ್ನೊಂದ್ ಮೊಳ ಇತ್ತ ಬಂದಿದ್ರೆ..."

ಭಾವ ಅಂಗೈಯ ತವುಡು ಕೊಡವಿಕೊಂಡರು. "ಮ್ಯಾಲಿದ್ದಾಗ ಭಯ ಆಗಿದ್ದು ಅದೇ ಮೊದ್ಲು. ಮಾರ್ಬುಡನ ಅದನ್ನ," ಎಂದರು.

ನಾವೆಲ್ಲ ಅಕ್ಕನಿಗೆ ನೆಮ್ಮದಿಯಾಯಿತು ಎಂದುಕೊಂಡೆವು. ಮುಡಿಪಿಲ್ಲ, ಉಪವಾಸವಿಲ್ಲ, ಒರಳುಕಲ್ಲಿಗೂ ಭಾನುವಾರ ರಜ. ಆದರೆ ಭಾವ ಭಾನುವಾರ ಜಗಲಿಯ ಮೇಲೆ ಕೂತು ಹದ್ದುಗಳನ್ನು ನೋಡುತ್ತಿದ್ದರು. ಮೊದಲು ಬೀದಿಯ ಪ್ರಾಣಿಗಳಲ್ಲಿ ಟಗರಿಗೆ ಮಾತ್ರ ಹೆದರುತ್ತಿದ್ದವರು ಈಗ ಕೋಳಿ ಬಂದರೂ ಕಾಲು ಮೇಲೆತ್ತಿಕೊಳ್ಳುತ್ತಿದ್ದರು. ಊಟಕ್ಕೆ ಕರೆದರೆ ಎರಡನೇ ಸಲಕ್ಕೆ ಏಳುತ್ತಿದ್ದರು. ಅಕ್ಕ ಕಂಬಕ್ಕೆ ಒರಗಿ ಅವರನ್ನೇ ನೋಡುತ್ತಾ ನಿಂತಿರುತ್ತಿದ್ದಳು. ಹೀಗೆ ನೋಡಿ ನೋಡಿ ಒಂದು ದಿನ, "ಆ ಏಜೆಂಟ್ರುನ್ನ ಕರ್ಸು," ಎಂದಳು ನನಗೆ.

ಏಜೆಂಟರು ಈ ಸಲ ಕೋಡುಬಳೆ ಮುಟ್ಟದೆ ಕೂತರು. ಅವರು ವಿಚಾರಿಸಿಕೊಂಡು ಬಂದಿದ್ದರು. ವಿಮಾನ ಯಾರ ಮೇಲಾದರೂ ಬಿದ್ದು ನಷ್ಟವಾದರೆ, ಜೀವ ಹೋದರೆ, ಅವರ ಮನೆಯವರಿಗೆ ಕೊಡುವ ವಿಮೆ ಬೇರೆ ಇದೆಯಂತೆ. ಅದನ್ನು ಬೇರೆ ಕಂಪನಿಯವರು ಬೆಂಗಳೂರಿನಲ್ಲಿ ಮಾಡಿಕೊಡುತ್ತಾರಂತೆ. ಆದರೆ ಹಾರಿಸುವ ಭಾವನ ಜೀವಕ್ಕೆ ಏನೂ ಇಲ್ಲ. "ಇದೆಂತಾ ನ್ಯಾಯ!" ಎಂದರು ಅತ್ತೆ. "ಬೀಳೋನ್ಗೆ ಇಲ್ಲ, ಬೀಳುಸ್ಕಳೋನ್ಗೆ ಉಂಟಾ?"

"ಅದುನ್ನೇ ಮಾಡ್ಸಿ," ಎಂದಳು ಅಕ್ಕ. "ಆ ಎಣ್ಮಗ್ಳ ಮಗೀಗೆ ಏನಾರ ಆಗಿದ್ರೆ ಬರೀ ಕೈ ಮುಗ್ದು ಬರಕ್ಕಾಯ್ತಿತ್ತಾ? ಇದುಕ್ಕೆ ನಾಮಿನಿ ಬೇಕಾ?"

"ಬ್ಯಾಡ ಕಣಕ್ಕ."

"ಸದ್ಯ," ಎಂದಳು.

ಬೆಂಗಳೂರಿನ ಕೆಲಸ ಮುಗಿಯಿತು. ಇಂಜಿನ್ನನ್ನು ಬಲ್ಲವರಿಂದ ಪೂರ್ತಿ ಬಿಚ್ಚಿಸಿ ನೋಡಿಸಿದ್ದಾಯಿತು. ಆದರೂ ಭಾವ ಬೀಗ ತೆಗೆಯಲು ಹೋಗಲಿಲ್ಲ. ಅಕ್ಕನೇ ಒಂದು ಭಾನುವಾರ ಬೆಳಿಗ್ಗೆ ಎಲ್ಲರನ್ನೂ ಕಾರಿಗೆ ಹತ್ತಿಸಿದಳು. ಅತ್ತೆ ಅವಲಕ್ಕಿ ಡಬ್ಬಿ ಹಿಡಿದು ಬಂದರು. ಮೈದಾನದಲ್ಲಿ ವಿಮಾನವನ್ನು ಹೊರಗೆ ತಳ್ಳಿ ನಿಲ್ಲಿಸಿದ ಮೇಲೂ ಭಾವ ರೆಕ್ಕೆಯ ಬಟ್ಟೆ ಸವರುತ್ತಾ ನಿಂತೇ ಇದ್ದರು.

ಅಕ್ಕ ಸೊಂಟದಿಂದ ಅರಿಶಿನದ ಗಂಟನ್ನು ತೆಗೆದಳು. ಹುರುಳಿಯ ದಿನದ ಗಂಟು. ಅದು ಇನ್ನೂ ಹುಂಡಿ ಸೇರಿರಲಿಲ್ಲ. ಕಟ್ಟಿದ ಮುಡಿಪನ್ನು ನಮ್ಮಲ್ಲಿ ಯಾರೂ ಬಿಚ್ಚುವುದಿಲ್ಲ. ಅವಳು ಬಿಚ್ಚಿದಳು. ನಾಣ್ಯವನ್ನು ಭಾವನ ಅಂಗೈಯಲ್ಲಿಟ್ಟಳು.

"ಏನೇ ಇದು?"

"ಟಿಕೀಟು. ಇಂದ್ಗಡೆ ಸೀಟು ಖಾಲಿ ಅದಲ್ಲ."

ಭಾವ ಕಕ್ಕಾಬಿಕ್ಕಿಯಾದರು. "ಕಾಸು ಇಸ್ಕಂಡ್ರೆ ಲೈಸೆನ್ಸ್ ಓಯ್ತದೆ ಕಣೇ!"

"ನಿಮ್ಗಲ್ಲ, ದೇವ್ರುದು. ಜೇಬಲ್ಲಿ ಇಟ್ಗಳಿ. ಇಳುದ್ಮೇಲೆ ಇಬ್ರೂ ಓಗಿ ಉಂಡಿಗೆ ಆಕನ."

ನಾನು ಓಡಿಹೋಗಿ ಅವಳ ಕೈ ಹಿಡಿದೆ. ಒರಳುಕಲ್ಲಿನ ಸದ್ದಿನಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದ ನಮ್ಮಕ್ಕ! "ಅಕ್ಕಾ, ನಿನಗೆ ಹುಚ್ಚೇ? ಹೆದರಿ ಸಾಯುತ್ತೀಯ!"

"ಎದುರ್ಕಂಡೇ ಇವ್ನಿ ಕಣ್ಲಾ," ಎಂದಳು. ಅವಳ ಕೈ ಮಂಜಿನಂತಿತ್ತು. "ಕೆಳಗ್ ನಿಂತ್ಕಂಡು ಎದುರ್ಕಳದು ಇನ್ನು ನನ್ ಕೈಲಾಗಕ್ಕಿಲ್ಲ. ಮ್ಯಾಲೆ ಕೂತ್ಕಂಡು ಎದುರ್ಕತೀನಿ. ಅವ್ರ್ ಬೆನ್ನಿಂದೇನೇ."

ಭಾವ ನಾಣ್ಯವನ್ನು ಜೇಬಿಗೆ ಹಾಕಿಕೊಂಡರು. ಅವಳ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದರು, ಹಿಂದಿನ ಸೀಟಿಗೆ ಹತ್ತಿಸಿದರು, ಪಟ್ಟಿ ಕಟ್ಟಿದರು, ಬಿಚ್ಚಿ ಇನ್ನೊಮ್ಮೆ ಕಟ್ಟಿದರು. ಮೇಲೆ ಟಗರಿಲ್ಲವೆಂದು ಗೊತ್ತಿದ್ದೂ ಭಾವ ಅವತ್ತು ಹೆದರಿದ್ದರು. ಅಕ್ಕ ಕಣ್ಣು ಮುಚ್ಚಿಕೊಂಡು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು, ಕಾವೇರಿ ಸೇತುವೆಯ ಮೇಲೆ ಭಾವ ಹಿಡಿಯುವ ಹಾಗೆಯೇ.

ಇಂಜಿನ್ನು ಗುಡುಗಿತು. ಹುಲ್ಲು ಮಲಗಿತು. ಪಂಚೆ ಉಟ್ಟ ಮೋಟಾರ್ ಸೈಕಲ್ಲು ನನ್ನ ಅಕ್ಕ ಭಾವ ಇಬ್ಬರನ್ನೂ ಹೊತ್ತುಕೊಂಡು ಓಡತೊಡಗಿತು. ನಾನು ಪಕ್ಕದಲ್ಲೇ ಓಡಿದೆ. ಓಡುತ್ತಾ ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

"ಉಸಾರು ಕಣಕ್ಕಾ! ಉಸಾರು ಭಾವಾ!"

ಚಕ್ರಗಳು ನೆಲ ಬಿಟ್ಟವು. ಹಿಂದೆ ಅತ್ತೆ ನಗುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದರು. "ಲೇ ಮೇಷ್ಟ್ರೇ, ನಿನ್ ಅಕ್ಷರ ಎಲ್ಲೋಯ್ತಲಾ?"

ಅಕ್ಕ ಬಿಚ್ಚಿದ ಅರಿಶಿನದ ಬಟ್ಟೆ, ಅವಳ ಕೈ ಹಿಡಿದಾಗ ಬಂದದ್ದು, ನನ್ನ ಕೈಯಲ್ಲೇ ಉಳಿದಿತ್ತು. ಜೇಬಿಗೆ ಕೈ ಹಾಕಿ ಸಿಕ್ಕಿದ ಒಂದು ನಾಣ್ಯವನ್ನು ಅದರಲ್ಲಿಟ್ಟು ಗಂಟು ಹಾಕಿದೆ. ವಿಮಾನ ಮರಗಳ ಆಚೆ ಚಿಕ್ಕದಾಗುತ್ತಾ ಹೋಯಿತು. ಸದ್ದು ಕೇಳುತ್ತಿದೆಯೋ ನಿಂತಿತೋ ಎಂದು ನಾನು ಕಿವಿ ಕೊಟ್ಟು ನಿಂತಿದ್ದೆ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದರು. "ಬೆಳುಗ್ಗೆಯಿಂದ ಏನೂ ತಿಂದಿಲ್ಲ. ಒಂಚೂರು ಅವಲಕ್ಕಿ ಬಾಯಿಗ್ ಆಕಳಪ್ಪ."

"ಬ್ಯಾಡತ್ತೆ," ಎಂದೆ. "ಅವ್ರು ಇಳೀಲಿ."